ಸಾಯದ ಮೀನು, ಉಳಿಯದ ಮರಿ

ಕೆರೆಯಲ್ಲಿ ಮೀನು ಸತ್ತು ತೇಲಿದರೆ ಊರಿಗೆಲ್ಲ ಗೊತ್ತಾಗುತ್ತದೆ. ದಡದಲ್ಲಿ ಜನ ಸೇರುತ್ತಾರೆ, ಪತ್ರಿಕೆಯಲ್ಲಿ ಚಿತ್ರ ಬರುತ್ತದೆ, ಅಧಿಕಾರಿಗಳು ಬಂದು ಬಾಟಲಿಯಲ್ಲಿ ನೀರು ತುಂಬಿಕೊಂಡು ಹೋಗುತ್ತಾರೆ. ಆದರೆ ಒಂದೂ ಮೀನು ತೇಲದೆ, ನೀರಿನ ಬಣ್ಣವೂ ಕೆಡದೆ, ಬಲೆಗೆ ಬೀಳುವ ಮೀನು ಮಾತ್ರ ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತ ಹೋದರೆ? ದೊಡ್ಡ ಮೀನುಗಳು ಎಂದಿನಂತೆ ಈಜುತ್ತಿರುತ್ತವೆ, ಮೊಟ್ಟೆಯನ್ನೂ ಇಡುತ್ತವೆ. ಮರಿಗಳು ಮಾತ್ರ ಉಳಿಯುವುದಿಲ್ಲ. ಹೀಗೆ ಸದ್ದಿಲ್ಲದೆ ಕೆಲಸ ಮಾಡಬಲ್ಲ ವಿಷಗಳಲ್ಲಿ ಕ್ರೋಮಿಯಂ ಒಂದು.

ಬಣ್ಣದ ಲೋಹ

ಕ್ರೋಮಿಯಂ ನಮಗೆ ಹೊಸದೇನಲ್ಲ. ಅಡುಗೆಮನೆಯ ಸ್ಟೀಲ್ ತಟ್ಟೆಗೆ ತುಕ್ಕು ಹಿಡಿಯದಂತೆ ಕಾಯುವುದು ಅದೇ. ಸೈಕಲ್ ಹ್ಯಾಂಡಲ್ಲಿನ ಹೊಳಪೂ ಅದರದೇ. ಚರ್ಮ ಹದ ಮಾಡಲು ಅದರ ಲವಣ ಬೇಕು. 1797ರಲ್ಲಿ ಫ್ರಾನ್ಸಿನ ರಸಾಯನ ವಿಜ್ಞಾನಿ ವೋಕ್ಲಾಂ ಸೈಬೀರಿಯದಿಂದ ಬಂದ ಕೆಂಪು ಖನಿಜವೊಂದರಲ್ಲಿ ಈ ಲೋಹವನ್ನು ಗುರುತಿಸಿದ. ಇದರ ಸಂಯುಕ್ತಗಳು ಬಣ್ಣಬಣ್ಣವಾಗಿರುವುದರಿಂದ ‘ಬಣ್ಣ’ ಎಂಬ ಅರ್ಥದ ಗ್ರೀಕ್ ಪದದಿಂದಲೇ ಹೆಸರೂ ಬಂತು. ಮಾಣಿಕ್ಯದ ಕೆಂಪಿಗೂ ಪಚ್ಚೆಯ ಹಸಿರಿಗೂ ಕಾರಣ ಅವುಗಳಲ್ಲಿ ಬೆರೆತಿರುವ ಚೂರು ಕ್ರೋಮಿಯಂ. ನಮ್ಮ ಹಾಸನ ಜಿಲ್ಲೆಯ ನುಗ್ಗೇಹಳ್ಳಿ ಸೀಮೆಯ ಬಂಡೆಗಳಲ್ಲೂ ಕ್ರೋಮಿಯಂ ಅದಿರು ಇದೆ.

ನೀರಿನಲ್ಲಿ ಕ್ರೋಮಿಯಂ ಮುಖ್ಯವಾಗಿ ಎರಡು ರೂಪಗಳಲ್ಲಿ ಸಿಗುತ್ತದೆ. ಒಂದರ ವೇಲೆನ್ಸಿ ಮೂರು, ಇನ್ನೊಂದರದು ಆರು. ಸುಲಭಕ್ಕೆ ಇವನ್ನು ‘ಮೂರರ ಕ್ರೋಮಿಯಂ’, ‘ಆರರ ಕ್ರೋಮಿಯಂ’ ಎನ್ನೋಣ. ಲೋಹ ಒಂದೇ, ಗುಣ ಬೇರೆ. ಮೂರರದು ಸಾಮಾನ್ಯ ನೀರಿನಲ್ಲಿ ಹೆಚ್ಚು ಕರಗುವುದಿಲ್ಲ. ಗಸಿಯಾಗಿ ತಳದ ಕೆಸರಿಗೆ ಅಂಟಿಕೊಳ್ಳುತ್ತದೆ. ಆರರದು ಚೆನ್ನಾಗಿ ಕರಗಿ ನೀರಿನ ಜೊತೆ ದೂರ ಸಾಗುತ್ತದೆ. ಶಾಲೆಯ ಪ್ರಯೋಗಾಲಯದಲ್ಲಿ ನೀವು ನೋಡಿರುವ ಕಿತ್ತಳೆ ಬಣ್ಣದ ಪೊಟ್ಯಾಸಿಯಂ ಡೈಕ್ರೋಮೇಟ್ ಹರಳಿನಲ್ಲಿ ಇರುವುದು ಈ ಆರರ ಕ್ರೋಮಿಯಂ. ಲೋಹದ ಸಾಮಾನುಗಳಿಗೆ ಹೊಳಪಿನ ಲೇಪ ಕೊಡುವ ಕಾರ್ಖಾನೆಗಳ ತೊಟ್ಟಿಯಲ್ಲೂ ಬಹುಪಾಲು ಇದೇ ಇರುತ್ತದೆ.

ಕ್ರೋಮೇಟ್ ಎಂಬ ಅಯಾನಿನ ಆಕಾರ ಜೀವಕೋಶಕ್ಕೆ ದಿನಬಳಕೆಯ ಸಲ್ಫೇಟಿನ ಹಾಗೆಯೇ ಇದೆ. ಸಲ್ಫೇಟಿಗಾಗಿ ತೆರೆದಿರುವ ಬಾಗಿಲಿನಿಂದಲೇ ಅದು ಒಳಗೆ ನುಸುಳುತ್ತದೆ. ಒಳಹೊಕ್ಕ ಮೇಲೆ ಕೋಶದ ವಸ್ತುಗಳೊಡನೆ ವರ್ತಿಸಿ ಮೂರರ ರೂಪಕ್ಕೆ ಇಳಿಯುತ್ತದೆ. ಈ ಇಳಿತದ ದಾರಿಯಲ್ಲಿಯೇ ಅನಾಹುತ. ಆಗ ಹುಟ್ಟುವ ಚುರುಕು ಕಣಗಳು ಕೋಶದ ಪ್ರೋಟೀನುಗಳಿಗೂ ಡಿಎನ್‌ಎಗೂ ಪೆಟ್ಟು ಕೊಡುತ್ತವೆ.

ನಾಲ್ಕು ದಿನ, ಇಪ್ಪತ್ತೆರಡು ತಿಂಗಳು

ಒಂದು ವಸ್ತು ಮೀನಿಗೆ ಎಷ್ಟು ವಿಷ ಎಂದು ತಿಳಿಯಲು ಬಹುಕಾಲದಿಂದ ರೂಢಿಯಲ್ಲಿರುವ ಪರೀಕ್ಷೆ ಸರಳವಾದದ್ದು. ಬೇರೆ ಬೇರೆ ಪ್ರಮಾಣದಲ್ಲಿ ವಿಷ ಬೆರೆಸಿದ ತೊಟ್ಟಿಗಳಲ್ಲಿ ಮೀನುಗಳನ್ನು ಬಿಟ್ಟು 96 ಗಂಟೆ, ಅಂದರೆ ನಾಲ್ಕು ದಿನ, ಕಾಯುವುದು. ಯಾವ ಪ್ರಮಾಣದಲ್ಲಿ ಅರ್ಧದಷ್ಟು ಮೀನು ಸಾಯುತ್ತವೋ ಅದೇ ಲೆಕ್ಕ. ಬೇಗ ಮುಗಿಯುತ್ತದೆ, ಖರ್ಚೂ ಕಡಿಮೆ.

ಅಮೆರಿಕದ ಸುಪೀರಿಯರ್ ಸರೋವರದ ದಡದಲ್ಲಿ ಡುಲೂತ್ ಎಂಬ ಊರಿದೆ. ಅಲ್ಲಿನ ಸರ್ಕಾರಿ ಪರಿಸರ ಪ್ರಯೋಗಾಲಯದ ಸಂಶೋಧಕ ಬೆನೊಯಿಟ್ ನಾಲ್ಕು ದಿನಕ್ಕೆ ನಿಲ್ಲಲಿಲ್ಲ. ಬ್ರೂಕ್ ಟ್ರೌಟ್ ಎಂಬ ತಣ್ಣೀರಿನ ಮೀನನ್ನು ಮೊಟ್ಟೆಯಿಡುವ ಕಾಲವೂ ಸೇರುವಂತೆ 22 ತಿಂಗಳು, ರೇನ್‌ಬೋ ಟ್ರೌಟನ್ನು 8 ತಿಂಗಳು ಆರರ ಕ್ರೋಮಿಯಂ ಬೆರೆತ ಮೆದು ನೀರಿನಲ್ಲಿ ಸಾಕಿ ನೋಡಿದರು. ಫಲಿತಾಂಶ 1976ರಲ್ಲಿ ಪ್ರಕಟವಾಯಿತು.

ನಾಲ್ಕು ದಿನದ ಪರೀಕ್ಷೆಯಲ್ಲಿ ಅರ್ಧದಷ್ಟು ಬ್ರೂಕ್ ಟ್ರೌಟ್ ಸಾಯಲು ಲೀಟರಿಗೆ 59 ಮಿಲಿಗ್ರಾಂ ಕ್ರೋಮಿಯಂ ಬೇಕಾಯಿತು. ರೇನ್‌ಬೋ ಟ್ರೌಟಿಗೆ 69. ಇಷ್ಟನ್ನೇ ನೋಡಿದವರು ‘ಪರವಾಗಿಲ್ಲ, ಗಟ್ಟಿ ಮೀನು’ ಎಂದುಕೊಳ್ಳಬಹುದು. ಆದರೆ ತಿಂಗಳುಗಟ್ಟಲೆ ನೋಡಿದಾಗ ಸುರಕ್ಷಿತ ಮಿತಿ ಲೀಟರಿಗೆ 0.20 ಮತ್ತು 0.35 ಮಿಲಿಗ್ರಾಂ ನಡುವೆ ಎಲ್ಲೋ ಇದೆಯೆಂದು ತಿಳಿಯಿತು. ಅಂದರೆ ಮೊದಲ ಲೆಕ್ಕಕ್ಕಿಂತ ಸುಮಾರು 170ರಿಂದ 300 ಪಟ್ಟು ಕಡಿಮೆ! ಲೀಟರಿಗೆ 0.2 ಮಿಲಿಗ್ರಾಂ ಎಂದರೆ ಎಷ್ಟು? ಸಾವಿರ ಲೀಟರಿನ ತೊಟ್ಟಿಗೆ 0.2 ಗ್ರಾಂ, ಒಂದು ಚಿಟಿಕೆ ಉಪ್ಪಿನ ತೂಕವೂ ಇಲ್ಲ.

ಇನ್ನೊಂದು ಸಂಗತಿ ಇದಕ್ಕಿಂತ ಮುಖ್ಯ. ದೊಡ್ಡ ಮೀನುಗಳು ಮೊಟ್ಟೆ ಇಟ್ಟವು. ಮೊಟ್ಟೆಗಳು ಒಡೆದು ಮರಿಗಳೂ ಹೊರಬಂದವು. ಪೆಟ್ಟು ಬಿದ್ದದ್ದು ಆಗತಾನೇ ಹೊರಬಂದ ಮರಿಗಳ ಮೇಲೆ. ಮೊಟ್ಟೆಯ ಲೆಕ್ಕ ನೋಡಿ ಎಲ್ಲ ಸರಿಯಾಗಿದೆ ಎಂದುಕೊಂಡಿದ್ದರೆ ಆ ತಲೆಮಾರಿನ ನಷ್ಟ ಗೊತ್ತೇ ಆಗುತ್ತಿರಲಿಲ್ಲ.

ಮರಿಗೇ ಏಕೆ?

ಮೊಟ್ಟೆಯೊಳಗಿನ ಭ್ರೂಣಕ್ಕೆ ಗಟ್ಟಿ ಹೊದಿಕೆಯ ರಕ್ಷಣೆ ಇದೆ. ಹೊರಬಂದ ಕೂಡಲೇ ಅದು ಹೋಗುತ್ತದೆ. ಮರಿಯ ಹೊಟ್ಟೆಯಡಿ ತಾಯಿ ಕೊಟ್ಟ ಭಂಡಾರದ ಚೀಲ ತೂಗುತ್ತಿರುತ್ತದೆ. ಅದು ಕರಗುವುದರೊಳಗೆ ಮರಿ ಈಜಲು, ತಿನ್ನಲು ಕಲಿಯಬೇಕು. ಚರ್ಮ ತೆಳು, ಕಿವಿರು ಎಳಸು, ವಿಷವನ್ನು ತಡೆದುಕೊಳ್ಳುವ ಯಕೃತ್ತು, ಮೂತ್ರಪಿಂಡಗಳು ಇನ್ನೂ ಬಲಿಯುತ್ತಿರುತ್ತವೆ. ಪುಟ್ಟ ದೇಹದ ತೂಕಕ್ಕೆ ಹೋಲಿಸಿದರೆ ನೀರಿಗೆ ತಾಗುವ ಮೈಯೂ ಹೆಚ್ಚು. ಮೇಲಾಗಿ, ಕೋಶದ ರಿಪೇರಿಗೆ ಖರ್ಚಾಗುವ ಶಕ್ತಿ ಬೆಳವಣಿಗೆಗೆ ಸಿಗದು. ಹಿಂದೆ ಬಿದ್ದ ಮರಿ ಸಾಯದಿರಬಹುದು. ಆದರೆ ಹೊಳೆಯಲ್ಲಿ ಗಿಡ್ಡ ಮರಿಯೇ ಮೊದಲು ದೊಡ್ಡ ಮೀನಿನ ಬಾಯಿಗೆ ಬೀಳುತ್ತದೆ.

ನೀರಿನ ಗುಣವೂ ಲೆಕ್ಕಕ್ಕೆ ಬರುತ್ತದೆ. ನೀರು ಆಮ್ಲೀಯವಾದಷ್ಟೂ ಆರರ ಕ್ರೋಮಿಯಂ ಹೆಚ್ಚು ವಿಷಕಾರಿ. ಎಲ್ಲ ಮೀನುಗಳೂ ಟ್ರೌಟಿನಂತಲ್ಲ. 1980ರಲ್ಲಿ ಪ್ರಕಟವಾದ ಇಂಥದೇ ದೀರ್ಘ ಪರೀಕ್ಷೆಯಲ್ಲಿ, ಗಡಸು ನೀರಿನಲ್ಲಿ ಸಾಕಿದ ಫ್ಯಾಟ್‌ಹೆಡ್ ಮಿನ್ನೊ ಎಂಬ ಮೀನಿಗೆ ಮಿತಿ 1ರಿಂದ 4 ಮಿಲಿಗ್ರಾಂ ನಡುವೆ ಕಂಡಿತು. ಆದ್ದರಿಂದ ಟ್ರೌಟಿನ ಅಂಕಿಯನ್ನು ನಮ್ಮ ಕಾಟ್ಲಾ, ರೋಹುಗಳಿಗೆ ಹಾಗೆಯೇ ಅಂಟಿಸಲಾಗದು. ನಾಲ್ಕು ದಿನದ ಉತ್ತರವನ್ನು ಬದುಕಿಡೀ ಅನ್ವಯಿಸಬಾರದು ಎಂಬ ಪಾಠ ಮಾತ್ರ ಎಲ್ಲ ಮೀನಿಗೂ ಒಂದೇ.

ಕುಡಿಯಲು ಸರಿ, ಬಾಳಲು ಅಲ್ಲ

ಅಮೆರಿಕದಲ್ಲಿ ಕುಡಿಯುವ ನೀರಿಗೆ ಒಟ್ಟು ಕ್ರೋಮಿಯಂ ಮಿತಿ ಲೀಟರಿಗೆ 0.1 ಮಿಲಿಗ್ರಾಂ. ಅದೇ ದೇಶದಲ್ಲಿ ಸಿಹಿನೀರಿನ ಜೀವಿಗಳ ದೀರ್ಘಕಾಲದ ರಕ್ಷಣೆಗಾಗಿ ಆರರ ಕ್ರೋಮಿಯಂಗೆ ಹಾಕಿರುವ ಗೆರೆ 0.011 ಮಿಲಿಗ್ರಾಂ. ಮನುಷ್ಯನಿಗಿಂತ ಮೀನಿಗೆ ಮರ್ಯಾದೆ ಹೆಚ್ಚೇ ಎಂದು ನಗಬೇಡಿ. ನಾವು ದಿನಕ್ಕೆ ಒಂದೆರಡು ಲೀಟರ್ ಕುಡಿಯುತ್ತೇವೆ. ಅವು ಹಗಲಿರುಳು ಅದರಲ್ಲೇ ಉಸಿರಾಡುತ್ತವೆ. ಮರಿಗಳ ತುತ್ತಾದ ಡಾಫ್ನಿಯಾ ಎಂಬ ನೀರುಚಿಗಟವಂತೂ ಮೀನಿಗಿಂತಲೂ ಬೇಗ ಸೋಲುತ್ತದೆ. ಮರಿ ಉಳಿದರೂ ತುತ್ತು ಉಳಿಯದಿದ್ದರೆ ಏನು ಬಂತು?

ಭಾರತದಲ್ಲಿ ಕುಡಿಯುವ ನೀರಿನ ಮಿತಿ 0.05 ಮಿಲಿಗ್ರಾಂ. ಕಾರ್ಖಾನೆಗಳು ಹೊಳೆ ಕೆರೆಗಳಿಗೆ ಬಿಡುವ ನೀರಿನಲ್ಲಿ ಆರರ ಕ್ರೋಮಿಯಂ 0.1 ಮಿಲಿಗ್ರಾಂ ಮೀರಬಾರದು ಎಂಬುದು ಸಾಮಾನ್ಯ ನಿಯಮ. ಕಾಗದದ ನಿಯಮ ಹೊಳೆಯವರೆಗೆ ತಲುಪದಿದ್ದರೆ ಏನಾಗುತ್ತದೆ ಎಂಬುದಕ್ಕೆ ಪಾಲಾರ್ ಸಾಕ್ಷಿ. ನಮ್ಮ ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟಿ ತಮಿಳುನಾಡಿಗೆ ಹರಿಯುವ ಈ ನದಿಯ ಕಣಿವೆಯನ್ನು ಚರ್ಮದ ಕಾರ್ಖಾನೆಗಳ ಕೊಳೆನೀರು ಕೆಡಿಸಿತು. 1996ರಲ್ಲಿ ಸುಪ್ರೀಂ ಕೋರ್ಟ್, ಕೆಡಿಸಿದವರೇ ಅದರ ವೆಚ್ಚ ತೆರಬೇಕು ಎಂದು ತೀರ್ಪಿತ್ತಿತು. ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದ ಅಂತರ್ಜಲದಲ್ಲೂ ಕ್ರೋಮಿಯಂ ಕಾಣಿಸಿಕೊಂಡಿದೆ.

ಮದ್ದು ಇದೆ

ಸಮಾಧಾನದ ಮಾತೆಂದರೆ ಇದಕ್ಕೆ ಮದ್ದು ಹೊಸದಾಗಿ ಕಂಡುಹಿಡಿಯಬೇಕಿಲ್ಲ. ಕೊಳೆನೀರನ್ನು ಆಮ್ಲೀಯಗೊಳಿಸಿ ಫೆರಸ್ ಸಲ್ಫೇಟ್ ಅಥವಾ ಸೋಡಿಯಂ ಬೈಸಲ್ಫೈಟ್ ಹಾಕಿದರೆ ಆರರದು ಮೂರರದಾಗುತ್ತದೆ. ಆಮೇಲೆ ಸುಣ್ಣ ಬೆರೆಸಿದರೆ ಹಸಿರು ಗಸಿಯಾಗಿ ಕೆಳಗಿಳಿಯುತ್ತದೆ. ಗಸಿಯನ್ನು ಜೋಪಾನವಾಗಿ ವಿಲೇವಾರಿ ಮಾಡಬೇಕು. ಬಯಲಲ್ಲಿ ಸುರಿದರೆ ಮಣ್ಣಿನ ಮ್ಯಾಂಗನೀಸ್ ಆಕ್ಸೈಡುಗಳು ಅದರಲ್ಲಿ ಸ್ವಲ್ಪವನ್ನು ಮತ್ತೆ ಆರರ ರೂಪಕ್ಕೆ ತಿರುಗಿಸಬಲ್ಲವು.

ವಿದ್ಯಾರ್ಥಿಗಳು ಇಲ್ಲಿಂದಲೇ ಶುರು ಮಾಡಬಹುದು. ಪ್ರಯೋಗ ಮುಗಿದ ಮೇಲೆ ಉಳಿದ ಡೈಕ್ರೋಮೇಟ್ ದ್ರಾವಣವನ್ನು ಸಿಂಕಿಗೆ ಸುರಿಯದೆ ಬೇರೆ ಪಾತ್ರೆಯಲ್ಲಿ ಕೂಡಿಡಲು ಅಧ್ಯಾಪಕರನ್ನು ಕೇಳಿ, ಬರಿಗೈಯಲ್ಲಿ ಮುಟ್ಟಬೇಡಿ. ತಂದೆತಾಯಿಗಳಿಗೂ ಒಂದು ಕೆಲಸವಿದೆ. ನಿಮ್ಮೂರ ಕೆರೆಯ ನೀರಿನ ಪರೀಕ್ಷೆಯ ವರದಿ ಬಂದಾಗ ‘ಮೀನು ಸತ್ತಿವೆಯೇ?’ ಎಂದಷ್ಟೇ ಕೇಳಿ ಸುಮ್ಮನಾಗಬೇಡಿ. ‘ಈ ವರ್ಷ ಮರಿ ಎಷ್ಟು ಉಳಿದವು?’ ಎಂದೂ ಕೇಳಿ. ಕೆರೆಯ ಆರೋಗ್ಯದ ಉತ್ತರ ಇರುವುದು ಆ ಎರಡನೆಯ ಪ್ರಶ್ನೆಯಲ್ಲಿ.