ಆಪರೇಷನ್‌ಗೆ ಮುನ್ನ ನಾಲ್ಕು ಪ್ರಶ್ನೆ

ಮನೆಯಲ್ಲಿ ಯಾರಿಗಾದರೂ ಆಪರೇಷನ್ ಆಗಬೇಕೆಂದು ಡಾಕ್ಟರು ಹೇಳಿದೊಡನೆ ನಾವು ಕೇಳುವುದು ಎರಡೇ ಮಾತು: ‘ಖರ್ಚೆಷ್ಟು? ಅಪಾಯವಿಲ್ಲವಷ್ಟೆ?’ ಊರಿನಿಂದ ದೂರವಿರುವ ನಮಗೆ ಸಲಹೆ ಕೊಡಲು ಹಿರಿಯರೂ ಹತ್ತಿರವಿರುವುದಿಲ್ಲ. ಆಸ್ಪತ್ರೆಯ ಅಮೃತಶಿಲೆಯ ನೆಲ ನೋಡಿ ನಂಬಿಬಿಡುತ್ತೇವೆ. ಆದರೆ ಆಪರೇಷನ್ನಿನ ಫಲಿತಾಂಶವನ್ನು ನಿರ್ಧರಿಸುವ ಸಂಗತಿಗಳೇ ಬೇರೆ.

ಮೊದಲನೆಯದು ಅಭ್ಯಾಸ. ‘ಹಾಡ್ತಾ ಹಾಡ್ತಾ ರಾಗ’ ಎಂಬ ಗಾದೆ ಇಲ್ಲಿಗೂ ಸಲ್ಲುತ್ತದೆ. ಅಮೆರಿಕದಲ್ಲಿ ಹೆರಾಲ್ಡ್ ಲುಫ್ಟ್ ಮತ್ತು ಸಂಗಡಿಗರು ಸುಮಾರು 1,500 ಆಸ್ಪತ್ರೆಗಳ ಲೆಕ್ಕ ತೆಗೆದು 1979ರಲ್ಲಿ ಪ್ರಕಟಿಸಿದರು. ತೆರೆದ ಹೃದಯದ ಶಸ್ತ್ರಚಿಕಿತ್ಸೆಯಂಥವನ್ನು ವರ್ಷಕ್ಕೆ 200 ಅಥವಾ ಹೆಚ್ಚು ಮಾಡುವ ಕಡೆ ಸಾವಿನ ಪ್ರಮಾಣ ಇತರೆಡೆಗಿಂತ ಶೇ. 25ರಿಂದ 41ರಷ್ಟು ಕಡಿಮೆಯಿತ್ತು. ಪಿತ್ತಕೋಶದ ಆಪರೇಷನ್‌ನಲ್ಲಾದರೋ ಇಂಥ ವ್ಯತ್ಯಾಸ ಕಾಣಲಿಲ್ಲ. ಅಂದರೆ ಎಲ್ಲದಕ್ಕೂ ದೊಡ್ಡ ಆಸ್ಪತ್ರೆಗೇ ಓಡಬೇಕಾಗಿಲ್ಲ.

ಎರಡನೆಯದು ಕೆಲಸದ ಹಂಚಿಕೆ. ಮದುರೆಯ ಅರವಿಂದ ಕಣ್ಣಿನ ಆಸ್ಪತ್ರೆಯನ್ನು ಡಾ. ಜಿ. ವೆಂಕಟಸ್ವಾಮಿಯವರು 1976ರಲ್ಲಿ ಕೇವಲ 11 ಹಾಸಿಗೆಗಳೊಡನೆ ಆರಂಭಿಸಿದರು. ಅಲ್ಲಿ ಶಸ್ತ್ರವೈದ್ಯರ ಎದುರು ಎರಡು ಮೇಜು. ಒಂದರಲ್ಲಿ ಪೊರೆ ತೆಗೆಯುತ್ತಿರುವಾಗಲೇ ಇನ್ನೊಂದರಲ್ಲಿ ಮುಂದಿನ ರೋಗಿ ಸಿದ್ಧ. ಪೂರ್ವಸಿದ್ಧತೆಯೆಲ್ಲ ತರಬೇತಿ ಪಡೆದ ಸಹಾಯಕಿಯರದು. ವೈದ್ಯರ ಸಮಯ ಪೋಲಾಗದೆ ತಲಾ ಖರ್ಚು ಇಳಿಯಿತು. ಹಣವುಳ್ಳವರು ಕೊಟ್ಟದ್ದರಿಂದ ಬಡವರಿಗೆ ಉಚಿತ ಚಿಕಿತ್ಸೆಯೂ ಸಾಧ್ಯವಾಯಿತು. ಇಂಥ ವ್ಯವಸ್ಥೆಯಿಲ್ಲದೆ ಹೊರೆಯನ್ನಷ್ಟೇ ಹೆಚ್ಚಿಸಿದರೆ ದಣಿದ ಕೈ ತಪ್ಪುತ್ತದೆ.

ಮೂರನೆಯದು ಎಚ್ಚರ. 2008ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ 19 ಅಂಶಗಳ ಒಂದು ಪಟ್ಟಿ ಹೊರಡಿಸಿತು. ರೋಗಿ ಯಾರು, ಯಾವ ಅಂಗ, ಸೋಂಕು ತಡೆಯುವ ಮದ್ದು ಕೊಟ್ಟಾಯಿತೆ, ಕೊನೆಗೆ ಸೂಜಿ, ಬಟ್ಟೆಗಳ ಎಣಿಕೆ ಸರಿಯಿದೆಯೆ – ಇವನ್ನು ಗಟ್ಟಿಯಾಗಿ ಓದಿ ಖಚಿತಪಡಿಸಿಕೊಳ್ಳಬೇಕು, ಅಷ್ಟೆ. ದೆಹಲಿಯೂ ಸೇರಿ ಎಂಟು ನಗರಗಳಲ್ಲಿ ಇದನ್ನು ಪರೀಕ್ಷಿಸಿದಾಗ ಸಾವು ಶೇ. 1.5ರಿಂದ 0.8ಕ್ಕೆ ಇಳಿಯಿತೆಂದು 2009ರ ವರದಿ ಹೇಳಿತು. ಖರ್ಚು ಒಂದು ಹಾಳೆ ಕಾಗದ! ಸೋಂಕು ತಗುಲಿದರೋ, ಆಸ್ಪತ್ರೆವಾಸದೊಡನೆ ಬಿಲ್ಲೂ ಬೆಳೆಯುತ್ತದೆ.

ಆದ್ದರಿಂದ ಓದುಗರೇ, ತುರ್ತು ಸಂದರ್ಭವಲ್ಲದಿದ್ದರೆ ಸಂಕೋಚ ಬಿಟ್ಟು ಕೇಳಿ: ಈ ಆಪರೇಷನ್ ಇಲ್ಲಿ ವರ್ಷಕ್ಕೆಷ್ಟು ಆಗುತ್ತದೆ? ಪಟ್ಟಿ ಓದುವ ಪದ್ಧತಿಯಿದೆಯೆ? ರಾತ್ರಿ ರೋಗಿಯನ್ನು ನೋಡಿಕೊಳ್ಳುವವರು ಯಾರು? ತೊಡಕಾದರೆ ಖರ್ಚು ಎಷ್ಟು ಏರಬಹುದು? ಬೇಸರಿಸದೆ ಉತ್ತರ ಕೊಡುವ ವೈದ್ಯರು ಸಿಕ್ಕರೆ, ನಿಮ್ಮ ಅರ್ಧ ಚಿಂತೆ ಅಲ್ಲೇ ಕಳೆದಂತೆ.