ಮೂಲ ಹುಡುಕುವವರಿಗೆ ಊರಿನವರ ನೆರವು

ಮರವಂತೆ, ತ್ರಾಸಿ, ಗಂಗೊಳ್ಳಿ ಕಡೆಯಿಂದ ಮುಂಬಯಿಗೋ ಬೆಂಗಳೂರಿಗೋ ಹೋಗಿ ನೆಲೆಯೂರಿದ ಮನೆತನಗಳಿಗೆ ಮೂರನೇ ತಲೆಮಾರಿನ ಹೊತ್ತಿಗೆ ಮೂಲದ ಪ್ರಶ್ನೆ ಎದುರಾಗುತ್ತದೆ. ನಾಗನಿಗೆ ತನು ಹಾಕಬೇಕು, ಆದರೆ ಮೂಲ ಬನ ಯಾವುದು? ಜಾಗದ ಮಾತು ಬಂದಿದೆ, ಆದರೆ ವಂಶವೃಕ್ಷದಲ್ಲಿ ಅಜ್ಜಿಯ ತಾಯಿಯ ಹೆಸರು ಏನೆಂದು ಬರೆಸುವುದು? ಹೇಳಬಲ್ಲವರು ತೀರಿಕೊಂಡಿರುತ್ತಾರೆ. ಉತ್ತರ ಕರ್ನಾಟಕದಲ್ಲಿ ಒಕ್ಕಲು ಮನೆಗಳ ವಂಶಾವಳಿಯನ್ನು ಹೆಳವರು ಕಾಪಾಡಿಕೊಂಡು ಬಂದಿದ್ದಾರೆ. ನಮ್ಮ ಕರಾವಳಿಯಲ್ಲಿ ಆ ಪದ್ಧತಿ ಬೆಳೆಯಲಿಲ್ಲ. ಹಾಗಾಗಿ ದಾಖಲೆಯೇ ಇಲ್ಲವೆಂದು ಕೈಚೆಲ್ಲಿ, ನೇರ ಜೋಯಿಸರಲ್ಲಿ ಪ್ರಶ್ನೆ ಇಡಿಸಲು ಹೋಗುವವರೇ ಹೆಚ್ಚು. ನಂಬಿಕೆಯ ಬಗ್ಗೆ ನನ್ನ ತಕರಾರಿಲ್ಲ. ಆದರೆ ದಾಖಲೆ ಇಲ್ಲ ಎಂಬ ಮಾತು ಮಾತ್ರ ಸರಿಯಲ್ಲ. ಅದು ಇದೆ, ಊರಲ್ಲೇ ಇರುವ, ಹಳೆ ಬರಹ ಓದಬಲ್ಲ ಯಾರಾದರೂ ಹೋಗಿ ನೋಡಿ ತಿಳಿಸಬೇಕು, ಅಷ್ಟೇ.

ತಾಯಿಯ ಕಡೆಯಿಂದ ವಂಶ ಎಣಿಸುವ ಅಳಿಯಸಂತಾನದ ಒಂದು ಪಾಲುಪಟ್ಟಿಯನ್ನೇ ನೋಡಿ. ಈ ಕಟ್ಟಿನ ಕುಟುಂಬಗಳಲ್ಲಿ ಒಬ್ಬರೇ ಎದ್ದು ನಿಂತು ಪಾಲು ಕೇಳುವಂತಿರಲಿಲ್ಲ. 1949ರ ಮದರಾಸು ಅಳಿಯಸಂತಾನ ಕಾಯ್ದೆ ಆ ಹಕ್ಕನ್ನು ಕವರುಗಳಿಗೆ ಕೊಟ್ಟಿತು. ಕವರು ಎಂದರೆ ಒಬ್ಬ ಹೆಣ್ಣಿನಿಂದ ಇಳಿದುಬಂದ ಕವಲು. ಆಮೇಲೆ ಬರೆದ ಪಾಲುಪಟ್ಟಿಗಳಲ್ಲಿ ಯಜಮಾನನ ಹೆಸರಾದ ಮೇಲೆ ಕವರು ಕವರಾಗಿ ತಾಯಿ, ಅವಳ ಮಕ್ಕಳು, ಹೆಣ್ಣುಮಕ್ಕಳ ಮಕ್ಕಳು ಎಂದು ಹೆಸರುಗಳು ಸಾಲಾಗಿ ಬರುತ್ತವೆ. ಇಂಥ ಒಂದೇ ಪತ್ರದಲ್ಲಿ ಮೂರು ನಾಲ್ಕು ತಲೆಮಾರು ಸಿಗಬಹುದು. ಆದರೆ ಗಂಡುಮಕ್ಕಳ ಮಕ್ಕಳು ಅದರಲ್ಲಿರುವುದಿಲ್ಲ, ಅವರು ಅವರವರ ತಾಯಿಮನೆಗೆ ಸೇರಿದವರು. ತಂದೆಯ ಹೆಸರು ಹಿಡಿದು ಹಿಂದಕ್ಕೆ ಹೋಗುವವನಿಗೆ ಒಂದೇ ಮೆಟ್ಟಿಲಿಗೆ ದಾರಿ ಕಡಿಯುತ್ತದೆ. ತಾಯಿಯ ತಾಯಿಯ ಮನೆ ಯಾವುದೆಂದು ಮೊದಲು ಗೊತ್ತು ಮಾಡಿಕೊಂಡು ಅಲ್ಲಿಯ ಪತ್ರ ಹುಡುಕಬೇಕು ಎಂಬುದು ಈ ಕಡೆಯವರಿಗೆ ಹೇಳದೆಯೇ ಗೊತ್ತು.

ಎಲ್ಲವೂ ಕಂಪ್ಯೂಟರಿಗೆ ಬರುತ್ತಿರುವಾಗ ಇನ್ನೊಬ್ಬರ ಹಂಗೇಕೆ ಎನ್ನುವವರಿದ್ದಾರೆ. ಪಹಣಿ ಇಂದು ಮೊಬೈಲಿನಲ್ಲೇ ಸಿಗುತ್ತದೆ, ಒಪ್ಪುತ್ತೇನೆ. ಆದರೆ ಪಹಣಿ ಹೇಳುವುದು ಜಾಗದ ಕತೆ. ಮನುಷ್ಯರ ಕತೆ ಇರುವುದು ಉಪನೋಂದಣಿ ಕಚೇರಿಯ ಹಳೆ ಸಂಪುಟಗಳಲ್ಲಿ, ಹಿಂದಿನ ಗ್ರಾಮಾಧಿಕಾರಿಗಳ ಕಾಲದ ಜನನ ಮರಣದ ಪುಸ್ತಕಗಳಲ್ಲಿ, ದೇವಸ್ಥಾನ ಮತ್ತು ಇಗರ್ಜಿಗಳ ಕಪಾಟುಗಳಲ್ಲಿ. ಆಡಳಿತದ ಗಡಿಗಳೂ ಬದಲಾಗಿವೆ: 1956ರವರೆಗೆ ಇದು ಮದರಾಸಿನ ದಕ್ಷಿಣ ಕನ್ನಡ, 1997ರಲ್ಲಿ ಉಡುಪಿ ಜಿಲ್ಲೆ, ಈಚೆಗೆ ಕುಂದಾಪುರದಿಂದ ಒಡೆದು ಬೈಂದೂರು ತಾಲೂಕು. ಯಾವ ಊರಿನ ಕಡತ ಎಲ್ಲಿ ಉಳಿಯಿತೆಂದು ದೂರದಲ್ಲಿ ಕೂತು ತಿಳಿಯುವುದು ಕಷ್ಟ. ಇನ್ನು ಹೆಸರಿನ ಸೂಚಿಯಲ್ಲಿ ಶೆಟ್ಟಿ, ಪೂಜಾರಿ ಎಂದು ಹುಡುಕಿದರೆ ಪುಟಗಟ್ಟಲೆ ಬರುತ್ತದೆ. ಕೆಳಮನೆ, ಹೊಸಮನೆ ಎಂಬ ಮನೆಗಳು ಊರಿಗೊಂದಿರುತ್ತವೆ. ಯಾವ ಕೆಳಮನೆ ಎಂದು ಬಿಡಿಸುವ ಕೆಲಸ ಯಂತ್ರಕ್ಕೆ ಆಗದು.

ಇಂಥ ನೆರವು ಹೊಸದೇನಲ್ಲ. ಅಮೆರಿಕದಲ್ಲಿ 1999ರಲ್ಲಿ ದಂಪತಿಯೊಬ್ಬರು ಇಂಥದೊಂದು ಸ್ವಯಂಸೇವಕರ ಕೂಟ ಕಟ್ಟಿದರು. ತಿಂಗಳಿಗೆ ಒಬ್ಬರಿಗಾದರೂ ತನ್ನ ಊರಿನ ಕಚೇರಿಯಲ್ಲೋ ಸ್ಮಶಾನದಲ್ಲೋ ಹುಡುಕಿಕೊಡುತ್ತೇನೆ, ನಕಲು ಮತ್ತು ಅಂಚೆಯ ಖರ್ಚು ಮಾತ್ರ ತೆಗೆದುಕೊಳ್ಳುತ್ತೇನೆ ಎಂಬುದು ಅದರ ಕಟ್ಟಳೆ. 2011ರಲ್ಲಿ ಆ ಕೂಟದ ಕೆಲಸ ನಿಂತಿತು, ಅದೇ ವರ್ಷ ಪತ್ನಿಯೂ ತೀರಿಕೊಂಡರು. ನಮ್ಮ ಕರಾವಳಿಯಲ್ಲೇ ಮಂಗಳೂರಿನ ಡಾ. ಮೈಕೆಲ್ ಲೋಬೋ ಅವರು ಕ್ಯಾಥೊಲಿಕ್ ಕುಟುಂಬಗಳ ವಂಶಾವಳಿಯನ್ನು ವರ್ಷಗಟ್ಟಲೆ ದುಡಿದು ಒಟ್ಟುಗೂಡಿಸಿದರು. ಎರಡೂ ದೊಡ್ಡ ಕೆಲಸ. ಆದರೆ ಒಬ್ಬಿಬ್ಬರ ಹೆಗಲ ಮೇಲೆ ಇಡೀ ಭಾರ ಬೀಳಬಾರದು. ಪಂಚಾಯಿತಿಯ ಅರಿವು ಕೇಂದ್ರ, ಕುಂದಾಪುರದ ಕಾಲೇಜುಗಳ ಇತಿಹಾಸ ವಿಭಾಗ, ಮುಂಬಯಿಯ ಜಾತಿ ಸಂಘಗಳು ಒಟ್ಟುಗೂಡಿದರೆ ಇದಕ್ಕೊಂದು ಗಟ್ಟಿ ನೆಲೆ ಸಿಗುತ್ತದೆ.

ಇದರಿಂದ ಆಸ್ತಿ ಜಗಳ ಹೆಚ್ಚುತ್ತದೆ, ಮನೆತನದ ಗುಟ್ಟು ಬಯಲಾಗುತ್ತದೆ ಎಂಬ ಆಕ್ಷೇಪವೇ ಗಂಭೀರವಾದದ್ದು. ಇಲ್ಲಿ ಕಾನೂನು ಆಗಲೇ ಗೆರೆ ಎಳೆದಿದೆ. 1908ರ ನೋಂದಣಿ ಕಾಯ್ದೆಯ 57ನೇ ಕಲಮಿನ ಪ್ರಕಾರ ಸ್ಥಿರಾಸ್ತಿಯ ಪತ್ರಗಳಿರುವ 1ನೇ ಪುಸ್ತಕವನ್ನು ಶುಲ್ಕ ಕಟ್ಟಿ ಯಾರು ಬೇಕಾದರೂ ನೋಡಬಹುದು, ನಕಲು ಪಡೆಯಬಹುದು. ಉಯಿಲಿನ ನಕಲು ಬರೆದವರು ಬದುಕಿರುವವರೆಗೆ ಇತರರಿಗೆ ಸಿಗದು. 1969ರ ಜನನ ಮರಣ ನೋಂದಣಿ ಕಾಯ್ದೆ ಕೂಡ ಯಾರ ಅರ್ಜಿಗಾದರೂ ಹುಡುಕಿಕೊಡಲು ಅವಕಾಶವಿಟ್ಟು, ಸಾವಿನ ಕಾರಣವನ್ನು ಮಾತ್ರ ತಿಳಿಸಬಾರದೆಂದಿದೆ. ಸ್ವಯಂಸೇವಕರು ಈ ಗೆರೆಯಿಂದ ಒಂದು ಹೆಜ್ಜೆ ಹಿಂದೆಯೇ ನಿಂತರೆ ಒಳ್ಳೆಯದು: ಬದುಕಿರುವವರ ವಿವರ ಕೊಡಬಾರದು, ಪತ್ರದಲ್ಲಿ ಇದ್ದದ್ದನ್ನು ಇದ್ದಂತೆ ಬರೆದುಕೊಡಬೇಕು, ಇವರೇ ನಿಮ್ಮ ಅಜ್ಜಿ ಎಂದು ತೀರ್ಪು ಹೇಳಬಾರದು. ಜಗಳಕ್ಕೆ ಬೇಕಾದವನಿಗೆ ವಕೀಲರ ಮೂಲಕ ಆ ನಕಲು ಈಗಲೂ ಸಿಗುತ್ತದೆ. ಸಿಗದಿರುವುದು ಬರೀ ತಿಳಿಯಬೇಕೆಂದಿರುವ, ಊರಲ್ಲಿ ಗುರುತಿನವರಿಲ್ಲದ ಬಡ ಕುಟುಂಬಕ್ಕೆ.

ಕೇಳುವವರ ಪಾಲಿನ ಕೆಲಸವೂ ಇದೆ. ತಾಯಿಯ ಕಡೆಯಿಂದ ಗೊತ್ತಿರುವ ಹೆಸರುಗಳು, ಬಳಿ, ಮನೆಯ ಹೆಸರು, ನೆರೆಮನೆಯವರು ಯಾರು, ಗೇಣಿಯ ಅಕ್ಕಿ ಯಾರ ಮನೆಗೆ ಹೋಗುತ್ತಿತ್ತು, ಊರು ಬಿಟ್ಟ ವರ್ಷ ಅಂದಾಜು ಯಾವುದು, ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು ಕಳಿಸಿದರೆ ಕಚೇರಿಯಲ್ಲಿ ಯಾವ ವರ್ಷದ ಸೂಚಿ ತೆಗೆಸಬೇಕೆಂದು ಹುಡುಕುವವರಿಗೆ ತಿಳಿಯುತ್ತದೆ.