ರೋಮಿನ ಟಂಕವೂ ಚಂದ್ರವಳ್ಳಿಯ ಬೋಕಿಯೂ

೨೦೨೩ನೆಯ ಇಸವಿಯ ಜೂನ್ ತಿಂಗಳಿನಲ್ಲಿ ಇಟಲಿಯ ಪಾಂಪೇಯಿ ನಗರದ ಉತ್ಖನನದಿಂದ ಒಂದು ಭಿತ್ತಿಚಿತ್ರವು ಬೆಳಕಿಗೆ ಬಂದಿತು. ಬೆಳ್ಳಿಯ ಹರಿವಾಣದಲ್ಲಿ ದುಂಡನೆಯ ರೊಟ್ಟಿ, ಹಣ್ಣುಗಳು, ಪಕ್ಕದಲ್ಲಿ ದ್ರಾಕ್ಷಾಸವದ ಪಾತ್ರೆ, ಚಿತ್ರದಲ್ಲಿರುವುದು ಇಷ್ಟೆ. ವೃತ್ತಪತ್ರಿಕೆಗಳು ಅದನ್ನು ಪ್ರಾಚೀನ ಪಿಜ್ಜಾ ಎಂದು ಲೋಕಕ್ಕೆಲ್ಲ ಸಾರಿದವು. ಅದು ಪಿಜ್ಜಾ ಅಲ್ಲ, ಅದಕ್ಕೆ ಬೇಕಾದ ಟೊಮ್ಯಾಟೊ ಇಲ್ಲಿಲ್ಲ ಎಂದು ಉತ್ಖನನದ ಅಧಿಕಾರಿಗಳೇ ತಿಳಿಸಿದ್ದರು. ಅಮೆರಿಕಾ ಖಂಡದ ಆ ಹಣ್ಣು ಯುರೋಪಿಗೆ ಬಂದುದು ಹದಿನಾರನೆಯ ಶತಮಾನದಲ್ಲಿ. ಪಾಂಪೇಯಿ ಬೂದಿಯಲ್ಲಿ ಹೂತುಹೋದುದು ಕ್ರಿ.ಶ. ೭೯ರಲ್ಲಿ!

ನಮ್ಮ ಪಾಂಡವಪುರದ ಕುಂತಿಬೆಟ್ಟದಲ್ಲಿ ಪಾಂಡವರು ತಂಗಿದ್ದರೆಂದು ಅಜ್ಜಿಯರು ಹೇಳುವರು. ಅದರಿಂದ ಯಾರಿಗೂ ಹಾನಿಯಿಲ್ಲ; ಅದು ಐತಿಹ್ಯವೆಂಬುದು ಕೇಳುವ ಮಗುವಿಗೂ ಕಾಲಕ್ರಮದಲ್ಲಿ ತಿಳಿಯುವುದು. ಆದರೆ ಉತ್ಖನನದ ಮುದ್ರೆ ಹೊತ್ತು ಬರುವ ಮಾತನ್ನು ಮಕ್ಕಳು ಪ್ರಮಾಣವೆಂದೇ ಗ್ರಹಿಸುವರು.

ರೋಮಿನ ಗೊಡವೆ ನಮಗೇಕೆಂದು ವಾಚಕರು ಕೇಳಬಹುದು. ಚಿತ್ರದುರ್ಗದ ಬೆಟ್ಟಗಳ ಮಗ್ಗುಲಿನ ಚಂದ್ರವಳ್ಳಿಯಲ್ಲಿ ಮೈಸೂರು ಪುರಾತತ್ತ್ವ ಇಲಾಖೆಯ ಡಾ. ಎಂ. ಎಚ್. ಕೃಷ್ಣರವರು ೧೯೨೯ರಲ್ಲಿ ಅಗೆಯಿಸಿದರು. ೧೯೪೭ರಲ್ಲಿ ಮಾರ್ಟಿಮರ್ ವ್ಹೀಲರರು ಪುನಃ ಅಗೆಯಿಸಿದರು. ಅಲ್ಲಿ ಶಾತವಾಹನರ ಸೀಸದ ನಾಣ್ಯಗಳಲ್ಲದೆ, ಕ್ರಿ.ಶ. ೧೪ರಿಂದ ೩೭ರವರೆಗೆ ಆಳಿದ ರೋಮ್ ಚಕ್ರವರ್ತಿ ಟಿಬೇರಿಯಸನ ಬೆಳ್ಳಿಯ ಟಂಕವೂ ದೊರೆತಿದೆ. ಇಷ್ಟು ಕೇಳಿದೊಡನೆಯೇ ದುರ್ಗದಲ್ಲಿ ರೋಮನರು ನೆಲಸಿದ್ದರೆಂದು ಬರೆಯಲು ಕೈ ತುರಿಸುವುದು ಸಹಜ. ಟಂಕವಾದರೋ ಮಿತಭಾಷಿ. ಅದನ್ನು ಅಚ್ಚೊತ್ತಿದ ಕಾಲ ಗೊತ್ತು. ಅದು ಕೈಜಾರಿ ಬಿದ್ದ ಕಾಲ ಗೊತ್ತಿಲ್ಲ. ಮುತ್ತಜ್ಜನ ಕಾಲದ ಬೆಳ್ಳಿ ರೂಪಾಯಿ ನಮ್ಮ ಪೆಟ್ಟಿಗೆಗಳಲ್ಲಿ ಇಂದಿಗೂ ಇಲ್ಲವೆ? ಅದು ಬಿದ್ದಿದ್ದ ಮಣ್ಣಿನ ಪದರವು ಟಂಕಕ್ಕಿಂತ ಹಳೆಯದಲ್ಲವೆಂಬುದಷ್ಟೆ ಸಿದ್ಧವಾಗುವುದು. ತಂದವನು ರೋಮನನೋ, ಹತ್ತು ಕೈ ದಾಟಿದ ಮೇಲೆ ಪಡೆದ ನಮ್ಮವನೇ ಆದ ವರ್ತಕನೋ, ಅದು ಹೇಳದು.

ಹೆಚ್ಚು ಹೇಳುವುದು ಬೋಕಿ. ವ್ಹೀಲರರು ೧೯೪೫ರಲ್ಲಿ ಪಾಂಡಿಚೇರಿಯ ಬಳಿಯ ಅರಿಕಮೇಡಿನಲ್ಲಿ ಅಗೆಯಿಸಿದಾಗ, ಕಾಲ ನಿಶ್ಚಿತವಾಗಿದ್ದ ಇಟಲಿಯ ಮಡಕೆಚೂರುಗಳ ಸಂಗಡ, ಒಳತಳದಲ್ಲಿ ಸಣ್ಣ ಗೀರುಗಳ ವರ್ತುಲಗಳಿದ್ದ ತಟ್ಟೆಗಳ ಚೂರುಗಳನ್ನೂ ಕಂಡಿದ್ದರು. ಅದೇ ಜಾತಿಯ ಚೂರುಗಳು ಚಂದ್ರವಳ್ಳಿಯಲ್ಲಿಯೂ, ಅಶೋಕನ ಶಾಸನವಿರುವ ಬ್ರಹ್ಮಗಿರಿಯಲ್ಲಿಯೂ ಸಿಕ್ಕಿದವು. ಆ ಪದರಕ್ಕೆ ಕಾಲ ದೊರೆತುದರಿಂದ, ಅದರ ಕೆಳಗಿನ ಪದರಗಳನ್ನು ಕ್ರಮವಾಗಿ ಎಣಿಸುವುದಕ್ಕೆ ಒಂದು ಹಿಡಿ ಸಿಕ್ಕಿತು. ಕಾಸಿಗೆ ಬಾರದ ಒಡಕಲು ಮಡಕೆ ಮಾಡಿದ ಕೆಲಸವಿದು! ಪದರದಿಂದ ಕಿತ್ತು ತೆಗೆದರೆ ಮಾತ್ರ ಅದೂ ಮೂಕವೇ.

ನಾಗಮಂಗಲ, ಕೃಷ್ಣರಾಜಪೇಟೆಗಳ ಕಡೆ ಮನೆಗೆ ಪಾಯ ತೋಡುವಾಗ ಇಂಥವು ಸಿಕ್ಕಿದರೆ, ಟಂಕವು ಅಕ್ಕಸಾಲಿಗನ ತಕ್ಕಡಿಗೆ ಹೋಗುವುದು. ತಲೆಬರಹ ಬರೆಯುವವರು ಬರುವ ಹೊತ್ತಿಗೆ ಬೋಕಿಗಳು ಬೇಲಿಯಾಚೆ ಬಿದ್ದಿರುವುವು.